ಆಮೆ ತಂದ್ರಾ? ತೊಟ್ಟಿ ಎಲ್ಲಿ?

ಹೋದ ಜೂನ್‌ನಲ್ಲಿ ಫೈನಲ್ ಇಯರ್‌ನವರು ಪಿಜಿ ಖಾಲಿ ಮಾಡ್ತಿದ್ದಾಗ ನಮ್ಮ ವಾಟ್ಸಾಪ್ ಗ್ರೂಪ್ ಸಂತೆ ಥರ ಆಗಿತ್ತು. ಹಾಸಿಗೆ, ಇಂಡಕ್ಷನ್ ಸ್ಟೌ, ಡ್ರಾಫ್ಟರ್, ಅರ್ಧ ಉಳಿದ ಪ್ರೋಟೀನ್ ಪೌಡರ್ ಡಬ್ಬಿ, ಎಲ್ಲಾ ಮಾರಾಟಕ್ಕೆ. ಅದರ ಮಧ್ಯೆ ಒಂದು ಮೆಸೇಜ್ ಬಂತು: "ಆಮೆ ಇದೆ, ಬೌಲ್ ಸಮೇತ ಫ್ರೀ. ಭಾನುವಾರದೊಳಗೆ ಯಾರೂ ತಗೊಳ್ದಿದ್ರೆ ಬಾಗಲೂರು ಕೆರೇಲಿ ಬಿಡ್ತೀನಿ." ಅದರ ಕೆಳಗೆ ಒಂದಷ್ಟು ನಗೋ ಇಮೋಜಿ. ಒಬ್ಬ "ಸೂಪರ್ ಅಣ್ಣ, ಸ್ವಾತಂತ್ರ್ಯ ಕೊಡಿ ಅದಕ್ಕೆ" ಅಂತ ಬರೆದಿದ್ದ.

ನಂಗೆ ನಗು ಬರಲಿಲ್ಲ. ಯಾಕಂದ್ರೆ ನಾಲ್ಕು ವರ್ಷದ ಹಿಂದೆ ನಮ್ಮನೇಲೂ ಇದೇ ಬೌಲ್ ಇತ್ತು. ಅದರ ಮಧ್ಯೆ ಇದ್ದ ಹಸಿರು ಪ್ಲಾಸ್ಟಿಕ್ ತೆಂಗಿನ ಮರವೂ ಇದೇ.

ಕನ್ನಡ ಸಂಘದವರು "ಏನಾದ್ರೂ ಬರಿ, ವಿಷಯ ನಿನ್ನಿಷ್ಟ" ಅಂದಾಗ ಇದನ್ನೇ ಬರೀಬೇಕು ಅನ್ನಿಸ್ತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅಂದ್ಕೊಂಡಿದ್ದೀನಿ. ಆದರೆ ಹೇಳೋ ವಿಷಯದಲ್ಲಿ ನಂಗೆ ಅನುಮಾನ ಇಲ್ಲ. ಆಮೆ ತರೋಕೆ ಮುಂಚೆ ತೊಟ್ಟಿ ರೆಡಿ ಇರಬೇಕು. ತೊಟ್ಟಿ ಮಾಡೋಕೆ ಆಗಲ್ಲ ಅಂದ್ರೆ ಆಮೆ ತರಬಾರದು. ಈಗಾಗಲೇ ತಂದಾಗಿದೆ ಅಂದ್ರೆ ಏನೇ ಆದ್ರೂ ಕೆರೆಗೆ ಬಿಡಬಾರದು. ಇದರಲ್ಲಿ ಎರಡನ್ನ ನಾವೇ ತಪ್ಪು ಮಾಡಿ ಕಲಿತದ್ದು, ಮೂರನೇದನ್ನ ಮಾಡೋಕೆ ಸ್ವಲ್ಪದರಲ್ಲಿ ತಪ್ಪಿತು.

ತಮ್ಮನ ಏಳನೇ ಹುಟ್ಟುಹಬ್ಬಕ್ಕೆ ಅಪ್ಪ ಒಂದು ಜೋಡಿ ತಂದಿದ್ರು. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಟಿಂಗು, ಪಿಂಗು ಅಂತ ಹೆಸರಿಟ್ವಿ. ಅಂಗಡಿಯವರು ಹೇಳಿದ್ದು ಮೂರೇ ಮಾತು: ಇಷ್ಟೇ ದೊಡ್ಡದಾಗೋದು, ದಿನಕ್ಕೆ ನಾಲ್ಕು ಪೆಲೆಟ್ ಸಾಕು, ನೀರು ಮೂರು ದಿನಕ್ಕೊಮ್ಮೆ ಬದಲಾಯಿಸಿ. ಮೂರೂ ತಪ್ಪು. ಆದರೆ ಅವತ್ತು ನಮಗೂ ಬೇಕಾಗಿದ್ದು ಅಷ್ಟೇ ಸುಲಭದ ಉತ್ತರ, ಅದನ್ನೂ ಒಪ್ಕೋಬೇಕು.

ಅಜ್ಜಿ ಮಾತ್ರ ಮೊದಲ ದಿನದಿಂದ ವಿರೋಧ. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಉದ್ಧಾರ ಆಗಲ್ಲ ಅಂತ ಅವರ ಗಾದೆ. ಅಮೀನ ಅಂದ್ರೆ ಕೋರ್ಟಿಂದ ಜಪ್ತಿಗೆ ಬರೋನು ಅಂತ ಆಮೇಲೆ ಕೇಳಿ ತಿಳ್ಕೊಂಡೆ. ತಮಾಷೆ ಅಂದ್ರೆ ಅದೇ ಸಮಯಕ್ಕೆ ಚಿಕ್ಕಮ್ಮ ವಾಸ್ತುಗೆ ಒಳ್ಳೇದು ಅಂತ ಗಾಜಿನ ಆಮೆ ತಂದು ಹಾಲ್‌ನಲ್ಲಿ ಇಟ್ಟಿದ್ರು. ಒಂದೇ ಮನೇಲಿ ಆಮೆ ಶುಭವೂ ಹೌದು, ಅಶುಭವೂ ಹೌದು. ಜೀವ ಇರೋ ಆಮೆಗೆ ಏನು ಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾವು ಬೌಲನ್ನ ಕಿಟಕಿ ಹತ್ರ ಇಟ್ಟಿದ್ವಿ. ಬೆಳಗ್ಗೆ ಒಂದೆರಡು ಗಂಟೆ ಚೆನ್ನಾಗಿ ಬಿಸಿಲು ಬೀಳ್ತಿತ್ತು. ಸೊಳ್ಳೆ ಬರುತ್ತೆ ಅಂತ ಗಾಜಿನ ಬಾಗಿಲು ಮುಚ್ಚಿರ್ತಿತ್ತು. ಎಂಟು ತಿಂಗಳಾದ ಮೇಲೆ ಪಿಂಗು ಕಣ್ಣು ಊದಿಕೊಂಡು ಮುಚ್ಚಿಹೋಯ್ತು. ಚಿಪ್ಪು ಒತ್ತಿದ್ರೆ ಉಗುರಿನ ಥರ ಬಗ್ಗೋದು. ತಿನ್ನೋದು ನಿಲ್ಲಿಸ್ತು. ಒಬ್ಬ ಡಾಕ್ಟರ್ ಹತ್ರ ತಗೊಂಡು ಹೋಗೋ ಹೊತ್ತಿಗೆ ತಡ ಆಗಿತ್ತು. ತಮ್ಮ ಎರಡು ದಿನ ಊಟ ಮಾಡಲಿಲ್ಲ. ನಾನು ಟೆನ್ತ್ ಪ್ರಿಪರೇಟರಿ ನಡುವೆ ಕೂತು ಓದಿದಾಗ ಗೊತ್ತಾಗಿದ್ದು ಇದು: ಮೂಳೆ, ಚಿಪ್ಪು ಗಟ್ಟಿ ಆಗೋಕೆ ಕ್ಯಾಲ್ಸಿಯಂ ಬೇಕು, ಕ್ಯಾಲ್ಸಿಯಂ ಹೀರೋಕೆ ವಿಟಮಿನ್ ಡಿ3 ಬೇಕು, ಡಿ3 ತಯಾರಾಗೋಕೆ ಚರ್ಮದ ಮೇಲೆ ಯುವಿ-ಬಿ ಕಿರಣ ನೇರವಾಗಿ ಬೀಳಬೇಕು. ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರ. ಮಾಮೂಲಿ ಕಿಟಕಿ ಗಾಜು ಅದನ್ನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಬೆಳಕು ಬರ್ತಿತ್ತು, ಬಿಸಿ ಬರ್ತಿತ್ತು, ಬೇಕಾದದ್ದು ಬರ್ತಿರಲಿಲ್ಲ. ಪಿಂಗು ಎಂಟು ತಿಂಗಳು ಬಿಸಿಲಲ್ಲೇ ಕೂತು ಬಿಸಿಲಿನ ಕೊರತೆಯಿಂದ ಹೋಯ್ತು. ಕಣ್ಣು ಊದೋಕೆ ಸಾಮಾನ್ಯ ಕಾರಣ ವಿಟಮಿನ್ ಎ ಕೊರತೆ ಮತ್ತು ಗಲೀಜು ನೀರು. ನಮ್ಮಲ್ಲಿ ಅವೆರಡೂ ಇದ್ವು.

ಇನ್ನೊಂದು ಸಮಸ್ಯೆ ನಮ್ಮ ಭಾಷೇದೂ ಇದೆ. ಇಂಗ್ಲಿಷ್‌ನಲ್ಲಿ ಟರ್ಟಲ್, ಟಾರ್ಟಾಯ್ಸ್ ಅಂತ ಎರಡು ಪದ. ನಮ್ಮಲ್ಲಿ ನೆಲದ ಮೇಲಿಂದಕ್ಕೂ, ಕೆರೇದಕ್ಕೂ, ಕಡಲಿಂದಕ್ಕೂ ಆಮೆ ಅಂತ ಒಂದೇ. ಕನ್ನಡದಲ್ಲಿ ಅದು ತಪ್ಪು ಅಂತಲ್ಲ, ಆದರೆ ಇದರಿಂದ ಆಗೋ ಎಡವಟ್ಟು ನೋಡಿದ್ದೀನಿ. ನೀರಿನ ಆಮೇನ ಹಾಲ್‌ನಲ್ಲಿ ಒಣಗಿದ ನೆಲದ ಮೇಲೆ ಬಿಟ್ಟು "ವಾಕಿಂಗ್ ಮಾಡಲಿ" ಅನ್ನೋರಿದ್ದಾರೆ. ನಕ್ಷತ್ರ ಆಮೇನ ನೀರಿನ ಟಬ್ಬಲ್ಲಿ ಇಟ್ಟ ಫೋಟೋನೂ ಒಂದು ಸಲ ಸ್ಟೇಟಸ್‌ನಲ್ಲಿ ನೋಡಿದೆ. ಅದು ನೆಲದ ಪ್ರಾಣಿ, ಈಜೋಕೇ ಬರಲ್ಲ. ಜೊತೆಗೆ ನಕ್ಷತ್ರ ಆಮೆ ಮನೇಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2019ರಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಲ್ಲೂ ಅದು ಮೊದಲನೇ ಪಟ್ಟಿಗೆ ಸೇರಿದೆ. ನಮ್ಮ ಕೆರೆ, ಗದ್ದೆಗಳಲ್ಲಿ ಸಿಗೋ ಫ್ಲಾಪ್‌ಶೆಲ್ ಆಮೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಅಂಗಡೀಲಿ ನಾಣ್ಯದ ಗಾತ್ರದಲ್ಲಿ ಸಿಗೋದು ಇವೆರಡೂ ಅಲ್ಲ. ಅದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪ್ಪಿ ನದಿ ಕಡೆಯದು. ನಾನು ಇಲ್ಲಿ ಬರೀತಿರೋದೆಲ್ಲ ಆ ಜಾತಿ ಬಗ್ಗೆ.

ಈ ಸ್ಲೈಡರ್ ಎಷ್ಟು ದೊಡ್ಡದಾಗುತ್ತೆ? ಗಂಡು 15ರಿಂದ 20 ಸೆಂಟಿಮೀಟರ್, ಹೆಣ್ಣು 25ರಿಂದ 30. ಅಂದ್ರೆ ನಮ್ಮನೆ ಊಟದ ತಟ್ಟೆಯಷ್ಟು. ಚೆನ್ನಾಗಿ ನೋಡಿಕೊಂಡ್ರೆ 30 ವರ್ಷ ಬದುಕುತ್ತೆ. ನೀರಿನ ಲೆಕ್ಕಕ್ಕೆ ಸಾಕೋರು ಬಳಸೋ ಒಂದು ಅಂದಾಜು ಸೂತ್ರ ಇದೆ, ಚಿಪ್ಪಿನ ಉದ್ದ ಒಂದು ಇಂಚಿಗೆ ಹತ್ತು ಗ್ಯಾಲನ್. ನಮ್ಮ ಲೆಕ್ಕಕ್ಕೆ ತಂದ್ರೆ ಒಂದು ಸೆಂಟಿಮೀಟರಿಗೆ ಸುಮಾರು 15 ಲೀಟರ್. 28 ಸೆಂಟಿಮೀಟರ್ ಹೆಣ್ಣಿಗೆ 420 ಲೀಟರ್. ಆ ಬೌಲಿಗೆ ಎಷ್ಟು ಹಿಡಿಸುತ್ತೆ ಗೊತ್ತಾ? ಪಿಂಗು ಹೋದ ಮೇಲೆ ಅಳೆದು ನೋಡಿದೆ. ಒಂದೂವರೆ ಲೀಟರ್.

ಟಿಂಗು ಉಳಿದುಕೊಂಡ್ತು. ಪಿಯುಸಿ ಪೂರ್ತಿ ಅದು ಎರಡಡಿ ಗಾಜಿನ ಅಕ್ವೇರಿಯಂನಲ್ಲಿತ್ತು, ಮೇಲೆ ಯುವಿ-ಬಿ ಬಲ್ಬ್ ಹಾಕಿದ್ವಿ. ಈ ಬಲ್ಬಿಂದೂ ಒಂದು ಮೋಸ ಇದೆ. ಕಣ್ಣಿಗೆ ಚೆನ್ನಾಗಿ ಉರಿತಾನೇ ಇರುತ್ತೆ, ಆದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಯುವಿ-ಬಿ ಮಾತ್ರ ಕುಸಿದಿರುತ್ತೆ, ಬದಲಾಯಿಸಬೇಕು. ಅದರ ಜೊತೆಗೆ ಮೈ ಕಾಯಿಸೋಕೆ ಒಣ ಜಾಗ ಬೇಕು, ಅಲ್ಲಿ 32ರಿಂದ 35 ಡಿಗ್ರಿ ಇರಬೇಕು. ನೀರು 25ರ ಆಸುಪಾಸು. ತನಗೆ ಬೇಕಾದ ಬಿಸಿ ತಾನೇ ಹುಡುಕಿಕೊಂಡು ಓಡಾಡೋ ಪ್ರಾಣಿ ಅದು. ನಾವು ಕೊಡಬೇಕಾಗಿರೋದು ಒಂದು ಬಿಸಿ ತುದಿ, ಒಂದು ತಂಪು ತುದಿ. ಥರ್ಮೋ ಓದಿದೋರಿಗೆ ಇದು ಬೇಗ ಅರ್ಥ ಆಗುತ್ತೆ.

2024ರ ಬೇಸಿಗೇಲಿ, ಸಿಇಟಿ ಮುಗಿದ ಮೇಲೆ, ನಂಗೊಂದು ಐಡಿಯಾ ಬಂತು. ಬಲ್ಬಿಗೆ ದುಡ್ಡು ಯಾಕೆ, ಟೆರೇಸ್ ಮೇಲೆ ಬಿಸಿಲು ಫ್ರೀ ಇದೆಯಲ್ಲ! 60 ಲೀಟರಿನ ಬಟ್ಟೆ ಒಗೆಯೋ ಟಬ್ಬಿಗೆ ನೀರು ತುಂಬಿ ಟಿಂಗುನ ಮೇಲೆ ಬಿಟ್ಟೆ. ಮೊದಲ ದಿನ ಸೂಪರ್. ಎರಡನೇ ದಿನ ಮಧ್ಯಾಹ್ನ ಊಟ ಮಾಡಿ ಮಲಗಿಬಿಟ್ಟೆ. ಎದ್ದು ಹೋಗಿ ನೋಡಿದ್ರೆ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು, ಟಿಂಗು ಅಂಚು ಹಿಡಿದು ಹತ್ತೋಕೆ ಒದ್ದಾಡ್ತಿತ್ತು. ಇನ್ನೊಂದು ಗಂಟೆ ತಡ ಆಗಿದ್ರೆ ಅದೂ ಇರ್ತಿರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಸುಡು ಬಿಸಿಲು ಅಂದ್ರೆ ಚದರ ಮೀಟರಿಗೆ ಸುಮಾರು 800 ವ್ಯಾಟ್ ಅಂತ ಇಟ್ಕೊಳ್ಳಿ. ಟಬ್ಬಿನ ಬಾಯಿ 0.3 ಚದರ ಮೀಟರ್. ನಾಲ್ಕು ಗಂಟೇಲಿ ಸುಮಾರು 3.4 ಮೆಗಾಜೂಲ್ ಒಳಗೆ ಹೋಗುತ್ತೆ. 60 ಲೀಟರ್ ನೀರಿಗೆ ಅದು ಹದಿಮೂರು ಹದಿನಾಲ್ಕು ಡಿಗ್ರಿ ಏರಿಕೆ. ಗಾಳಿಗೆ ಹೋಗೋ ಬಿಸಿ ಲೆಕ್ಕಕ್ಕೆ ತಗೊಂಡಿಲ್ಲ, ಆದರೂ ಬೆಳಗ್ಗೆ 26 ಇದ್ದ ನೀರು ಎಲ್ಲಿಗೆ ಹೋಗುತ್ತೆ ನೋಡಿ. ಅದೇ ಅರ್ಧ ಮೀಟರ್ ಆಳದ ನೀರಾದ್ರೆ ಏರಿಕೆ ಐದೂವರೆ ಡಿಗ್ರಿ ಅಷ್ಟೇ. ಮೇಲೆ ಅರ್ಧ ಭಾಗಕ್ಕೆ ಹಸಿರು ಶೇಡ್ ನೆಟ್ ಹಾಕಿದ್ರೆ ಇನ್ನೂ ಕಮ್ಮಿ. ಹಾಗಾಗಿ ಆಳ ಬೇಕು, ನೆರಳೂ ಬೇಕು.

ಸರಿ, ಟೆರೇಸ್ ಮೇಲೆ ಅರ್ಧ ಮೀಟರ್ ಆಳದ ತೊಟ್ಟಿ ಕಟ್ಟೋಣ ಅಂತ ಹೊರಟೆ. ಆಗ ಸಿವಿಲ್ ಓದೋ ಗೆಳತಿ ತಡೆದಳು. ಅರ್ಧ ಮೀಟರ್ ನೀರು ಅಂದ್ರೆ ಚದರ ಮೀಟರಿಗೆ 500 ಕೆಜಿ, ಹೆಚ್ಚುಕಮ್ಮಿ 5 ಕಿಲೋನ್ಯೂಟನ್. ಐಎಸ್ 875 ಎರಡನೇ ಭಾಗದಲ್ಲಿ ಜನ ಓಡಾಡೋ ಟೆರೇಸಿಗೆ ಲೈವ್ ಲೋಡ್ ಇಟ್ಕೊಳ್ಳೋದು ಚದರ ಮೀಟರಿಗೆ 1.5 ಕಿಲೋನ್ಯೂಟನ್. ಮನೆ ಒಳಗಿನ ಫ್ಲೋರಿಗೂ 2 ಅಷ್ಟೇ. "ಸಿಂಟೆಕ್ಸ್ ಟ್ಯಾಂಕನ್ನ ಕಂಬದ ಮೇಲೆ, ಬೀಮ್ ಇರೋ ಜಾಗ ನೋಡಿ ಇಡೋದು ಸುಮ್ನೆ ಅಲ್ಲ ಕಣೆ" ಅಂದಳು. ಬಾಡಿಗೆ ಮನೆ ಎರಡನೇ ಮಹಡೀಲಿ, ಬಾಲ್ಕನೀಲಿ ದೊಡ್ಡ ಪಾಂಡ್ ಮಾಡಿರೋ ರೀಲ್ ನೋಡಿದಾಗೆಲ್ಲ ನಂಗೆ ಈಗ ಕೆಳಗಿನ ಮನೆಯವರ ಚಿಂತೆ ಆಗುತ್ತೆ.

ಕೊನೆಗೆ ನೆಲದ ಮೇಲೇ ಕಟ್ಟಿದ್ವಿ, ಕಾಂಪೌಂಡ್ ಒಳಗೆ, ಸಂಪಿನ ಪಕ್ಕ. ಫಸ್ಟ್ ಸೆಮ್ ರಜೇಲಿ. ಐದಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಎತ್ತರ, ಇಟ್ಟಿಗೆ, ಗಾರೆ. ಒಂದೂವರೆ ಅಡಿ ನೀರು ತುಂಬಿದ್ರೆ 850 ಲೀಟರ್ ಹತ್ರ. ಉಳಿದ ಅರ್ಧ ಅಡಿ ಟಿಂಗು ಹತ್ತಿ ಹೊರಗೆ ಹೋಗಬಾರದು ಅಂತ. ಗಾರೆ ಮೇಸ್ತ್ರಿಗೆ ಇದು ಆಮೆಗೆ ಅಂತ ಗೊತ್ತಾದಾಗ ಅರ್ಧ ನಿಮಿಷ ನನ್ನ ಮುಖ ನೋಡಿದ್ರು. ಆಮೇಲೆ ಅವರೇ "ಒಂದು ಕಡೆ ಜಾರುಬಂಡೆ ಥರ ಇಳಿಜಾರು ಬಿಡ್ತೀನಿ ತಗೊಳ್ಳಿ, ಹತ್ತಿ ಕೂತ್ಕೊಳ್ಳುತ್ತೆ" ಅಂದ್ರು. ಯಾವ ವಿಡಿಯೋದಲ್ಲೂ ನೋಡಿರದ ಒಳ್ಳೇ ಸಲಹೆ ಅದು. ಅದರ ತುದೀಲಿ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪ ಕಲ್ಲಿಟ್ವಿ, ಒರಟು ಮೈ ಮೇಲೆ ಮಾಡಿ. ಕಪ್ಪು ಕಲ್ಲು ಬೇಸಿಗೇಲಿ ಕಾಲಿಡೋಕೆ ಆಗದಷ್ಟು ಕಾಯುತ್ತೆ, ಅದಕ್ಕೆ ಅದರ ಅರ್ಧ ಮಾತ್ರ ಬಿಸಿಲಿಗೆ.

ಹೊಸ ಸಿಮೆಂಟ್ ತೊಟ್ಟಿಗೆ ತಕ್ಷಣ ಜೀವ ಬಿಡಬಾರದು. ಸುಣ್ಣ ಬಿಡುತ್ತೆ. ಮೊದಲ ಸಲ ತುಂಬಿದ ನೀರಿನ ಪಿಎಚ್ ಪೇಪರ್ ಕಡು ನೀಲಿ ತೋರಿಸ್ತು, ಹತ್ತಕ್ಕಿಂತ ಮೇಲೆ. ನಾಲ್ಕು ನಾಲ್ಕು ದಿನ ನೀರು ನಿಲ್ಲಿಸಿ, ಉಜ್ಜಿ, ಚೆಲ್ಲಿ, ಹೀಗೆ ಐದು ಸಲ ಮಾಡಿದ ಮೇಲೆ ಸರಿಹೋಯ್ತು.

ಆಮೇಲೆ ಫಿಲ್ಟರ್. ಇಲ್ಲೇ ಎಲ್ಲರೂ ಸೋಲೋದು. ಆಮೆ ಮೀನಿನ ಹಾಗಲ್ಲ, ತಿನ್ನೋದೂ ಜಾಸ್ತಿ, ಗಲೀಜೂ ಜಾಸ್ತಿ. ಅದರ ಹೊಲಸಿನಿಂದ ಅಮೋನಿಯಾ ಬರುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ಕೊನೆಯದು ಗಿಡಕ್ಕೆ ಗೊಬ್ಬರ. ಫಿಲ್ಟರ್ ಅಂದ್ರೆ ಕಸ ಹಿಡಿಯೋ ಸ್ಪಂಜ್ ಅಷ್ಟೇ ಅಂದ್ಕೊಂಡಿದ್ದೆ. ನಿಜವಾಗಿ ಅದು ಈ ಬ್ಯಾಕ್ಟೀರಿಯಾಗಳಿಗೆ ಮನೆ. ನಮ್ಮದು ಮುಚ್ಚಳ ಇರೋ ಎರಡು ಪೇಂಟ್ ಬಕೆಟ್, ಒಂದರಲ್ಲಿ ಸ್ಪಂಜ್, ಇನ್ನೊಂದರಲ್ಲಿ ಒಡೆದ ಇಟ್ಟಿಗೆ ಚೂರು. 40 ವ್ಯಾಟಿನ ಪಂಪು ಗಂಟೆಗೆ 2000 ಲೀಟರ್ ತಳ್ಳುತ್ತೆ, ಅಂದ್ರೆ ತೊಟ್ಟಿ ನೀರು ಗಂಟೆಗೆ ಎರಡು ಸಲಕ್ಕಿಂತ ಜಾಸ್ತಿ ಫಿಲ್ಟರ್ ದಾಟುತ್ತೆ. ತಿಂಗಳಿಗೆ 29 ಯೂನಿಟ್ ಕರೆಂಟು. ಬ್ಯಾಕ್ಟೀರಿಯಾ ಸೇರಿಕೊಳ್ಳೋಕೆ ಐದಾರು ವಾರ ಹಿಡಿಯಿತು. ಆ ಸ್ಪಂಜನ್ನ ಅಮ್ಮ ಒಂದು ದಿನ ಸೋಪ್ ಹಾಕಿ ಫಳಫಳ ತೊಳೆದಿಟ್ಟಿದ್ರು. ಮತ್ತೆ ಶುರುವಿಂದ. ಅಮ್ಮನಿಗೆ ನೈಟ್ರೋಜನ್ ಸೈಕಲ್ ಹೇಳಿಕೊಟ್ಟಿದ್ದು ನನ್ನ ಮೊದಲ ವೈವಾ ಅನುಭವ.

ಅಮ್ಮನ ವಿರೋಧ ಬೇರೆ ಕಾರಣಕ್ಕಿತ್ತು, ಅದು ನ್ಯಾಯವೂ ಆಗಿತ್ತು. 2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಫೋನ್ ಮಾಡಿದ್ರೆ ಎತ್ತುತ್ತಿರಲಿಲ್ಲ. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಾರ್ಡನಿಗೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. "ಮನುಷ್ಯರಿಗೇ ನೀರಿಲ್ಲ, ಇವಳಿಗೆ ಆಮೆ ಕೆರೆ ಬೇಕಂತೆ" ಅಂತ ಅಮ್ಮ ಬೈದಿದ್ದು ಬಾಗಲೂರಿನ ಅರ್ಧ ಮನೆಗಳು ಒಪ್ಪೋ ಮಾತು. ಇದಕ್ಕೆ ನನ್ನ ಉತ್ತರ ಲೆಕ್ಕದಲ್ಲೇ ಇದೆ. ಒಂದು ಸಲ ತುಂಬಿದ ಮೇಲೆ ವಾರಕ್ಕೆ ತೆಗೆಯೋದು 120 ಲೀಟರ್, ಅಷ್ಟೂ ಅಮ್ಮನ ಕರಿಬೇವು, ದಾಸವಾಳ, ಟೊಮೆಟೊ ಕುಂಡಕ್ಕೆ ಹೋಗುತ್ತೆ. ಅವಕ್ಕೆ ಮೊದಲೂ ನೀರು ಹಾಕ್ತಿದ್ವಿ, ಈಗ ಗೊಬ್ಬರ ಸೇರಿಸಿ ಹಾಕ್ತೀವಿ. ಫಿಲ್ಟರ್ ಇಲ್ಲದ ಚಿಕ್ಕ ಟಬ್ಬಿಗೆ ದಿನಾ ನೀರು ಬದಲಾಯಿಸ್ತಿದ್ದಾಗಲೇ ನಾವು ಜಾಸ್ತಿ ಚೆಲ್ಲುತ್ತಿದ್ದದ್ದು. ಟೊಮೆಟೊ ಬಿಟ್ಟ ಮೇಲೆ ಅಮ್ಮ ಬೈಯೋದು ನಿಲ್ಲಿಸಿಲ್ಲ, ಆದರೆ ಬಕೆಟ್ ಹಿಡ್ಕೊಂಡು ತಾವೇ ಬರ್ತಾರೆ.

ಉಳಿದದ್ದನ್ನ ಬೇಗ ಹೇಳಿಬಿಡ್ತೀನಿ. ಹದ್ದು, ಕಾಗೆ, ಬೆಕ್ಕು ಬರ್ತವೆ, ಮೇಲೆ ಮೆಶ್ ಬೇಕೇ ಬೇಕು. ಸೊಳ್ಳೆ ಮೊಟ್ಟೆ ಇಡುತ್ತೆ ಅಂತ ಪಕ್ಕದ ಮನೆಯವರು ಕೇಳಿದ್ರು. ನೀರು ಸದಾ ಓಡ್ತಿದ್ರೆ ಆ ತೊಂದರೆ ಕಮ್ಮಿ. ಗಪ್ಪಿ ಮೀನು ಬಿಟ್ಟು ನೋಡಿದೆ, ಟಿಂಗುಗೆ ನಾಲ್ಕು ದಿನದ ಹಬ್ಬದೂಟ ಆಯ್ತು. ನುಂಗೋಕೆ ಆಗೋ ಸೈಜಿನ ಬಣ್ಣದ ಕಲ್ಲು ತಳಕ್ಕೆ ಹಾಕಬೇಡಿ, ನುಂಗುತ್ತೆ. ಬರೀ ಪೆಲೆಟ್, ಒಣ ಸೀಗಡಿ ಸಾಲದು. ದೊಡ್ಡದಾಗ್ತಾ ಸೊಪ್ಪು ಜಾಸ್ತಿ ಬೇಕು. ನಾವು ಅಜೋಲ್ಲಾ ಬೆಳೆಸ್ತೀವಿ, ಹಸುಗೆ ಹಾಕ್ತಾರಲ್ಲ ಅದೇ. ಪಾಲಕ್ ದಿನಾ ಕೊಡಬೇಡಿ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಕೊಂಡುಬಿಡುತ್ತೆ. ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೀರಿ, ಅಡುಗೆಮನೆ ಸಿಂಕಲ್ಲಿ ಏನೂ ತೊಳೀಬೇಡಿ. ಆಮೆ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು, ನೋಡೋಕೆ ಆರೋಗ್ಯವಾಗಿದ್ರೂ. ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರೋದನ್ನ 1975ರಲ್ಲೇ ನಿಲ್ಲಿಸಿದ್ದು ಇದೇ ಕಾರಣಕ್ಕೆ, ಮಕ್ಕಳು ಮುದ್ದು ಮಾಡಿ ಬಾಯಿಗೆ ಇಟ್ಕೊಳ್ತಿದ್ರು. ಅದರ ತವರಲ್ಲೇ ಮಾರೋ ಹಾಗಿಲ್ಲದ ಸೈಜು ನಮ್ಮಲ್ಲಿ ಹುಟ್ಟುಹಬ್ಬದ ಗಿಫ್ಟ್!

ಈಗ ಕೆರೆ ವಿಷಯ. ತೊಟ್ಟಿ ಕಟ್ಟೋಕೆ ಮುಂಚೆ, ಅಕ್ವೇರಿಯಂ ಸಾಲದಾದಾಗ, ಅಪ್ಪನೂ ಅದೇ ಮಾತಾಡಿದ್ರು. "ಕೆರೇಲಿ ಬಿಟ್ಟುಬಿಡೋಣ, ಆರಾಮಾಗಿರುತ್ತೆ, ಪುಣ್ಯನೂ ಬರುತ್ತೆ." ಸ್ಕೂಟರ್ ಮೇಲೆ ಟಿಂಗುನ ಡಬ್ಬೀಲಿ ಹಾಕ್ಕೊಂಡು ಕೆರೆ ಏರಿವರೆಗೂ ಹೋಗಿದ್ವಿ. ತಮ್ಮ ಜೋರಾಗಿ ಅತ್ತಿದ್ದಕ್ಕೆ ವಾಪಸ್ ಬಂದ್ವಿ. ಅವತ್ತು ನಂಗೆ ವಿಜ್ಞಾನ ಏನೂ ಗೊತ್ತಿರಲಿಲ್ಲ. ಅಳೋ ತಮ್ಮ ಇಲ್ದಿದ್ರೆ ಬಿಟ್ಟೇ ಬರ್ತಿದ್ವಿ.

ಜನ ಎರಡು ಥರ ಯೋಚಿಸ್ತಾರೆ. ಕೆರೇಲಿ ಅದು ಸತ್ತುಹೋಗುತ್ತೆ, ಪಾಪ ಅನ್ನೋರು ಒಂದು. ಸುಖವಾಗಿರುತ್ತೆ ಅನ್ನೋರು ಇನ್ನೊಂದು. ನಂಗೆ ಭಯ ಇರೋದು ಎರಡನೇದರ ಬಗ್ಗೆನೇ. ಅದು ಬದುಕಿಬಿಡುತ್ತೆ. ಏನು ಸಿಕ್ಕಿದ್ರೂ ತಿನ್ನುತ್ತೆ, ಗಲೀಜು ನೀರಲ್ಲೂ ಇರುತ್ತೆ, ಬಿಸಿಲು ಕಾಯೋ ಕಲ್ಲು ದಿಮ್ಮಿಗೆ ಊರಿನ ಆಮೆಗಳ ಜೊತೆ ಕಿತ್ತಾಡುತ್ತೆ, ಕಾಯಿಲೆ ಹೊತ್ತು ತರುತ್ತೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟೀಲಿ ಇದರ ಹೆಸರೂ ಇದೆ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸ್ತು. ನಮ್ಮ ದೇಶದಲ್ಲೂ ಶುರುವಾಗಿದೆ: 2018ರಲ್ಲಿ ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ, ಅದೇ ವರ್ಷ ಕೇರಳದ ತ್ರಿಶೂರ್ ಹತ್ರ ಕಾಲುವೇಲಿ ಸಿಕ್ಕಿತು. ದೇವಸ್ಥಾನದ ಕೊಳ ಅಂದ್ಮೇಲೆ ಯಾರೋ ಪುಣ್ಯಕ್ಕೇ ಬಿಟ್ಟಿರ್ತಾರೆ ಅಂತ ನನ್ನ ಊಹೆ, ನಮ್ಮ ಅಪ್ಪನ ಹಾಗೆ.

ಬಾಗಲೂರು ಕೆರೆ ಬೇರೆ ಒಂಟಿ ಕೆರೆ ಅಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ನೀರು ಇಲ್ಲಿಗೆ ಬರುತ್ತೆ, ಅದೇ ಯೋಜನೇಲಿ ಚಿಕ್ಕಬಳ್ಳಾಪುರ ಕಡೆಯ ಕೆರೆಗಳೂ ತುಂಬ್ತವೆ. ಹಿಂದಿನವರು ಕೆರೆ ಕಟ್ಟಿದ್ದೂ ಸರಪಳಿ ಥರ, ಒಂದರ ಕೋಡಿ ಹರಿದ್ರೆ ಮುಂದಿನದಕ್ಕೆ. ಇಲ್ಲಿ ಬಿಟ್ಟದ್ದು ಇಲ್ಲೇ ಇರುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ.

ನಾನು ಆಮೆ ಮಾರೋದನ್ನ ಪೂರ್ತಿ ನಿಲ್ಲಿಸಿ ಅಂತ ಹೇಳೋ ಧೈರ್ಯ ಮಾಡಲ್ಲ, ಹೇಳಬೇಕು ಅಂತ ಕೆಲವು ದಿನ ಅನ್ನಿಸುತ್ತೆ. ಆದರೆ ಇಷ್ಟಾದ್ರೂ ಆಗಬೇಕು. 2018ರ ಪೆಟ್ ಶಾಪ್ ನಿಯಮದ ಪ್ರಕಾರ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳೀಲಿ ನೋಂದಣಿ ಆಗಿರಬೇಕು. ಕೊಳ್ಳೋಕೆ ಮುಂಚೆ ಆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ಬೌಲ್ ಮೇಲೆ ಒಂದು ಚೀಟಿ ಅಂಟಿಸೋದನ್ನ ಕಡ್ಡಾಯ ಮಾಡಲಿ: 30 ಸೆಂಟಿಮೀಟರ್, 30 ವರ್ಷ, 400 ಲೀಟರ್. ಸಿಗರೇಟ್ ಪ್ಯಾಕ್ ಮೇಲೆ ಅಷ್ಟು ದೊಡ್ಡ ಚಿತ್ರ ಹಾಕ್ತೀವಿ, ಇಲ್ಲಿ ಮೂರು ಅಂಕಿ ಹಾಕೋಕೆ ಏನು ಕಷ್ಟ? ಮಾರಿದ ಅಂಗಡಿ ವಾಪಸ್ ತಗೊಳ್ಳೋ ನಿಯಮವೂ ಬೇಕು. ನಂಗೆ ಗೊತ್ತಿರೋ ಯಾವ ಅಂಗಡಿಯೂ ತಗೊಳ್ಳಲ್ಲ, ದೊಡ್ಡ ಆಮೇನ ಯಾರೂ ಕೊಳ್ಳಲ್ಲ ಅಂತ.

ಪಿಜಿ, ಹಾಸ್ಟೆಲ್‌ನಲ್ಲಿರೋ ಗೆಳೆಯರಿಗೆ ಒಂದು ಮಾತು ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ರೂಮಲ್ಲಿ ಮಂಚದ ಪಕ್ಕ ಇರೋ ಜಾಗಕ್ಕೆ ಆಮೆ ಬೇಡ. ನೀವು ನಾಲ್ಕು ವರ್ಷಕ್ಕೆ ಹೋಗ್ತೀರಿ, ಅದರ ಆಯಸ್ಸಲ್ಲಿ ನೀವು ಏಳರಲ್ಲಿ ಒಂದು ಭಾಗವೂ ಜೊತೇಲಿರಲ್ಲ. ಒಂಟಿತನ ಅಂದ್ರೆ ನಂಗೂ ಅರ್ಥ ಆಗುತ್ತೆ, ಗಿಡ ಇಟ್ಕೊಳ್ಳಿ, ಮನಿ ಪ್ಲಾಂಟ್ ಏನೂ ಕೇಳಲ್ಲ. ಈಗಾಗಲೇ ಇದ್ರೆ, ಸಾಕೋ ಅನುಭವ ಇರೋರನ್ನ ಹುಡುಕಿ, ಪ್ರಾಣಿ ರಕ್ಷಣೆ ಮಾಡೋ ಸಂಸ್ಥೆಗಳಿಗೆ ಫೋನ್ ಮಾಡಿ ಮೊದಲು ಕೇಳಿ, ನಮ್ಮ ಕ್ಲಬ್ಬಿಗೇ ಹೇಳಿ. ಹೋಗೋ ವಾರದಲ್ಲಿ ಅಲ್ಲ, ಹೋಗೋಕೆ ಆರು ತಿಂಗಳ ಮುಂಚೆ.

ಆ ಸೀನಿಯರ್ ಆಮೆ ನಮ್ಮನೇಲಿದೆ. ಶನಿವಾರ ಸಂಜೆ ಹೋಗಿ ತಗೊಂಡು ಬಂದೆ. ಅಣ್ಣ ಕೆಟ್ಟವರೇನಲ್ಲ, ಕಣ್ಣಲ್ಲಿ ನೀರಿತ್ತು, ಪೆಲೆಟ್ ಡಬ್ಬಿ ಹೊಸದೇ ತಂದುಕೊಟ್ರು. ಎರಡು ವರ್ಷದ ಆಮೆ, ಏಳು ಸೆಂಟಿಮೀಟರ್, ಚಿಪ್ಪಿನ ಅಂಚು ಮೆತ್ತಗಿತ್ತು. ಟಿಂಗು ಜೊತೆ ಹಾಕೋ ಹಾಗಿಲ್ಲ, ಟಿಂಗು ಈಗ ಹದಿನೆಂಟು ಸೆಂಟಿಮೀಟರ್ ಹೆಣ್ಣು, ಕಚ್ಚುತ್ತೆ. ಬೇರೆ ಟಬ್ಬು, ಬೇರೆ ಬಲೆ, ಬೆಳಗ್ಗೆ ನೇರ ಬಿಸಿಲು, ಪುಡಿ ಮಾಡಿದ ಕಟ್ಲ್‌ಬೋನ್. ಮೂರು ತಿಂಗಳಿಗೆ ಅಂಚು ಸ್ವಲ್ಪ ಗಟ್ಟಿ ಆಗಿದೆ, ಆಕಾರ ಮಾತ್ರ ಸೊಟ್ಟಗೇ ಉಳಿಯುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ. ತಮ್ಮ ಅದಕ್ಕೆ ಸೀನಿಯರ್ ಅಂತಲೇ ಹೆಸರಿಟ್ಟಿದ್ದಾನೆ.

ಇನ್ನೆರಡು ವರ್ಷಕ್ಕೆ ನಂಗೂ ಪ್ಲೇಸ್‌ಮೆಂಟ್. ಪುಣೆ ಅಂದ್ರೆ ಪುಣೆ, ಹೈದರಾಬಾದ್ ಅಂದ್ರೆ ಹೈದರಾಬಾದ್. ನಾನು ಬರೆದ ಸೂತ್ರ ನಂಗೇ ತಿರುಗಿ ಬರುತ್ತೆ ಅಂತ ಗೊತ್ತಿದೆ, ಅದಕ್ಕೆ ಈಗಿಂದಲೇ ಅಪ್ಪನಿಗೆ ಫಿಲ್ಟರ್ ಬಿಚ್ಚಿ ಜೋಡಿಸೋದು ಕಲಿಸ್ತಿದ್ದೀನಿ. ಮೊನ್ನೆ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ನಡುವೆ ಅವರ ಫೋನ್ ಬಂತು, ಹೊರಗೆ ಹೋಗಿ ಎತ್ತಿದೆ. "ಪಂಪ್ ನಿಂತಿದೆ ಕಣಮ್ಮ. ಸ್ಪಂಜ್ ತೊಟ್ಟಿ ನೀರಲ್ಲೇ ಹಿಂಡಿದೆ, ಸೋಪ್ ಹಾಕಿಲ್ಲ. ಇಟ್ಟಿಗೆ ಬಕೆಟ್ ಮುಟ್ಟಲಾ, ಬೇಡ್ವಾ?"

ಬೇಡ ಅಂದೆ.